ಮೈನಸ್ ಇಪ್ಪತ್ತರಲ್ಲಿ ಒಂದು ಕೆಂಪು ಗುಂಡಿ

ಅಲೆವೂರು

ವಿದೇಶಕ್ಕೆ ಹೋಗುವವರು ಸಾಮಾನ್ಯವಾಗಿ ಏನನ್ನಾದರೂ ನೋಡುವುದಕ್ಕೆ ಹೋಗುತ್ತಾರೆ. ನಾನು ಹೋದದ್ದು ತೋರಿಸುವುದಕ್ಕೆ. ತೋರಿಸಬೇಕಾಗಿದ್ದದ್ದು ಇಟ್ಟಿಗೆಯಷ್ಟು ದಪ್ಪದ, ಇಟ್ಟಿಗೆಗಿಂತ ತುಸು ಲಕ್ಷಣವಾದ ಮೂರು ವಯರ್‌ಲೆಸ್ ಸೆಟ್ಟುಗಳನ್ನು. ಹೋದದ್ದು ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ. ಆನೆ, ಸಿಂಹ, ಜಿರಾಫೆ ಯಾವುದನ್ನೂ ನೋಡಲಿಲ್ಲ. ಆದ್ದರಿಂದ ಫೋಟೋ ತೋರಿಸಿ ಎಂದು ಯಾರೂ ಮನೆಗೆ ಬರಬೇಕಾಗಿಲ್ಲ.

ಉಡುಪಿ ಹತ್ತಿರದ ಅಲೆವೂರಿನಲ್ಲಿ ನಮ್ಮದೊಂದು ಎರಡು ಕೋಣೆಯ ವರ್ಕ್‌ಶಾಪ್ ಇದೆ. ನಾನು ಮತ್ತು ನಾಲ್ವರು ಹೆಂಗಸರು ಸೇರಿ ಮೀನುಗಾರಿಕೆ ಬೋಟುಗಳಿಗೆ ಈ ಸೆಟ್ಟು ಮಾಡುತ್ತೇವೆ. ಅದರ ಮುಖದ ಮೇಲೊಂದು ಕೆಂಪು ಗುಂಡಿ. ಮುಚ್ಚಳ ಎತ್ತಿ ಐದು ಸೆಕೆಂಡು ಒತ್ತಿ ಹಿಡಿದರೆ ಬೋಟು ಎಲ್ಲಿದೆ ಎಂಬ ವಿವರದ ಸಮೇತ ಆಪತ್ತಿನ ಕರೆ ಸುತ್ತಲಿನ ಬೋಟುಗಳಿಗೆಲ್ಲ ಹೋಗುತ್ತದೆ. ‘ಎಲ್ಲ’ ಎಂದರೆ ಬೇರೆ ಕಂಪನಿಯ ಸೆಟ್ಟು ಇಟ್ಟುಕೊಂಡ ಬೋಟುಗಳಿಗೂ. ಇದರಲ್ಲೇನು ದೊಡ್ಡಸ್ತಿಕೆ ಎಂದು ಕೇಳುವವರು ಇದ್ದಾರೆ. ಅವರು ಸಮುದ್ರವನ್ನು ಮಲ್ಪೆ ಬೀಚಿನಲ್ಲಿ ಗೋಳಿಬಜೆ ತಿನ್ನುತ್ತಾ ನೋಡಿದವರು.

ನನ್ನ ಅಣ್ಣ ಶೇಖರ ಮಲ್ಪೆಯ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ನಾಲ್ಕು ವರ್ಷಗಳ ಹಿಂದೆ ಎಂಜಿನ್ ಕೆಟ್ಟು, ಆರು ಮಂದಿಯೊಂದಿಗೆ ಮೂರು ದಿನ ಸಮುದ್ರದ ಮೇಲೆ ತೇಲಿದ. ಬೇರೆ ಬೋಟು ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಯಿತಂತೆ. ಅಣ್ಣನ ಸೆಟ್ಟು ಒಂದು ಕಂಪನಿಯದು, ಅವರದು ಇನ್ನೊಂದರದು. ಇದು ಕೂಗಿದ್ದು ಅದಕ್ಕೆ ಅರ್ಥವಾಗಲಿಲ್ಲ. ಕೊನೆಗೆ ಏಳೂ ಮಂದಿ ಹೇಗೋ ಜೀವಸಹಿತ ದಡ ಸೇರಿದರು. ಅಣ್ಣ ಮನೆಗೆ ಬಂದು ಹೇಳಿದ್ದು ಇಷ್ಟು. ಇಷ್ಟನ್ನೇ ಹಿಡಿದುಕೊಂಡು ನಾನು ಕಾರ್ಕಳದ ಪಾಲಿಟೆಕ್ನಿಕ್‌ನಲ್ಲಿದ್ದ ಮೇಷ್ಟ್ರ ಕೆಲಸ ಬಿಟ್ಟು ವರ್ಕ್‌ಶಾಪ್ ತೆರೆದೆ.

ಸೆಟ್ಟು ತಯಾರಾದ ಮೇಲೆ ಊರಿನ ಬೋಟಿನವರು, “ಒಳ್ಳೇದುಂಟು ಮೇಡಂ, ಆದರೆ ಹೊರದೇಶದ ಸರ್ಟಿಫಿಕೇಟ್ ಉಂಟಾ?” ಎಂದು ಕೇಳಿದರು. ತಾಂಜಾನಿಯಾದ ಮೀನುಗಾರರ ಸಂಘದವರೂ ಸೆಟ್ಟು ಬೇಕೆಂದು ಬರೆದಿದ್ದರು. ಅವರೂ ಮೊದಲು ತಮ್ಮ ಹೊಸ ಪರೀಕ್ಷಾ ಕೇಂದ್ರದಲ್ಲಿ ಪಾಸಾಗಿ ಬನ್ನಿ ಎಂದರು. ಅಲ್ಲಿ ಎರಡು ಪರೀಕ್ಷೆ. ಯಂತ್ರ ನಿಯಮದಂತೆ ನಡೆಯುತ್ತದೆಯೇ ಎನ್ನುವುದು ಒಂದು. ಬೇರೆಯವರ ಯಂತ್ರಗಳೊಂದಿಗೆ ಮಾತಾಡುತ್ತದೆಯೇ ಎನ್ನುವುದು ಇನ್ನೊಂದು. ನಮಗೆ ಸಿಕ್ಕಿದ್ದು ನಾಲ್ಕು ದಿನ. ತಪ್ಪಿದರೆ ಮುಂದಿನ ವರ್ಷದ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಅಷ್ಟು ಕಾಲ ವರ್ಕ್‌ಶಾಪ್ ಉಳಿಯುತ್ತದೆ ಎಂದು ನಂಬುವ ಧೈರ್ಯ ಆ ನಾಲ್ವರಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ.

ಮೂವತ್ತೆಂಟು ಪುಟಗಳ ಅರ್ಜಿಯನ್ನು ನಾನು ಒಂದೇ ಪಟ್ಟಿಗೆ ಕುಳಿತು ತುಂಬಿಸಿದೆ. ಉಡುಪಿ ಜಿಲ್ಲೆಯವಳಲ್ಲವೇ, ಅರ್ಜಿ ಕಂಡರೂ ಪರೀಕ್ಷೆ ಕಂಡಷ್ಟೇ ಉಮೇದು. ಸೆಟ್ಟುಗಳನ್ನು ಪ್ಯಾಕ್ ಮಾಡುವ ಜವಾಬ್ದಾರಿಯನ್ನು ಅಣ್ಣ ವಹಿಸಿಕೊಂಡ. ಮಲ್ಪೆಯಿಂದ ಅಂಜಲ್ ಮೀನು ಹೋಗುವ ಥರ್ಮಾಕೋಲ್ ಪೆಟ್ಟಿಗೆ ತಂದು, ಮೂರು ಸಲ ಸೋಪು ಹಾಕಿ ತೊಳೆದು, ಒಣಗಿಸಿ, ಒಂದೊಂದು ಸೆಟ್ಟನ್ನೂ ಮಗುವಿನಂತೆ ಮಲಗಿಸಿದ. “ವಾಸನೆ ಎಲ್ಲಾ ಹೋಗಿದೆ, ನೀನು ಹೆದರಬೇಡ” ಎಂದ. ಮೀನಿನ ವಾಸನೆಯ ಬಗ್ಗೆ ಮೀನುಗಾರನ ಅಭಿಪ್ರಾಯ ಕೇಳಬಾರದೆಂದು ನನಗೆ ಆಗ ಹೊಳೆಯಲಿಲ್ಲ.

ಕಸ್ಟಮ್ಸ್ ಮೇಜು

ದಾರ್ ಎಸ್ ಸಲಾಮ್‌ನ ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಳಗೆ ನೋಡಲಿಲ್ಲ. ಮೂಸಿದರು.

“ಒಣಮೀನಾ?”

“ಅಲ್ಲ, ವಯರ್‌ಲೆಸ್ ಸೆಟ್ಟು.”

“ವಯರ್‌ಲೆಸ್ ಸೆಟ್ಟಿಗೆ ವಾಸನೆ ಇರುವುದಿಲ್ಲ” ಎಂದು ಅವರು ನನಗೆ ತಿಳಿಸಿಕೊಟ್ಟರು. ಇಪ್ಪತ್ತು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವಳು ಒಪ್ಪಿಕೊಂಡೆ. ಪ್ರಾಣಿಜನ್ಯ ವಸ್ತುಗಳ ಅಧಿಕಾರಿಯನ್ನು ಕರೆಸಲಾಯಿತು. ಅವರು ಮೂರೂ ಸೆಟ್ಟುಗಳನ್ನು ತಿರುಗಿಸಿ ನೋಡಿ, ಕಿವಿರು, ರೆಕ್ಕೆ, ಪೊರೆ ಇವುಗಳಲ್ಲಿ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡು ಸಹಿ ಹಾಕಿದರು. ನಮ್ಮ ಸೆಟ್ಟು ಪಾಸಾದ ಮೊದಲ ಅಂತಾರಾಷ್ಟ್ರೀಯ ಪರೀಕ್ಷೆ ಇದು. ಹೋಗುವಾಗ ಇಬ್ಬರೂ “ಪೋಲೆ” ಎಂದರು.

ಮೊದಲ ದಿನ: ಪೋಲೆ

ಈ ‘ಪೋಲೆ’ ಎಂಬ ಮಾತು ಆ ಊರಿನಲ್ಲಿ ಗಾಳಿಯಂತೆ ಎಲ್ಲ ಕಡೆ ಇದೆ. ನೀವು ಎಡವಿದರೆ, ಕೆಮ್ಮಿದರೆ, ಬಸ್ಸು ತಪ್ಪಿದರೆ, ಭಾರ ಹೊತ್ತುಕೊಂಡಿದ್ದರೆ, ಗುರುತಿಲ್ಲದವರೂ “ಪೋಲೆ” ಎನ್ನುತ್ತಾರೆ. ನಿಮಗೆ ಹೀಗಾಯಿತಲ್ಲ, ಬೇಸರವಾಯಿತು ಎಂದು ಅರ್ಥ. ಪರೀಕ್ಷಾ ಕೇಂದ್ರದ ಮೆಟ್ಟಿಲಲ್ಲಿ ನಾನು ಮುಗ್ಗರಿಸಿದಾಗ ನಾಲ್ಕು ದಿಕ್ಕಿನಿಂದ ನಾಲ್ಕು ‘ಪೋಲೆ’ ಬಂದವು. ನಮ್ಮ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದರೆ “ನೋಡಿಕೊಂಡು ನಡೆಯಲಿಕ್ಕೆ ಎಂತ ಆಗಿದೆ?” ಎಂಬ ಒಂದೇ ಒಂದು ಮಾತು ಬರುತ್ತಿತ್ತು, ಅದೂ ಕಂಡಕ್ಟರನಿಂದ.

ಕೇಂದ್ರದ ಒಳಗೆ ಮಾತ್ರ ಮಣಿಪಾಲದ ಆಸ್ಪತ್ರೆಯ ತಂಪು. ಹೊರಗೆ ಬೆವರಿನ ಸ್ನಾನ, ಒಳಗೆ ಎ.ಸಿ. ಹದಿನೆಂಟಕ್ಕೆ ಇಟ್ಟು ಎಲ್ಲರೂ ಸ್ವೆಟರ್ ಹಾಕಿಕೊಂಡು ಕುಳಿತಿದ್ದರು. ನಮ್ಮ ಸೆಟ್ಟಿನ ಪರೀಕ್ಷೆ ಜುಹುರಾ ಎಂಬವರ ಪಾಲಿಗೆ ಬಂದಿತ್ತು. ನನ್ನ ವಯಸ್ಸಿನವರೇ, ತಲೆಗೆ ಹೂವಿನ ಬಟ್ಟೆ, ಕನ್ನಡಕಕ್ಕೆ ಸರಪಳಿ. ನನ್ನನ್ನು ‘ದಾದಾ’ ಎಂದು ಕರೆದರು. ಅವರ ಸ್ವಾಹಿಲಿಯಲ್ಲಿ ಅಕ್ಕ ಎಂದರ್ಥ. ನಮ್ಮ ತುಳುವಿನಲ್ಲಿ ಅದು ‘ಏನು’ ಎಂಬ ಪ್ರಶ್ನೆಯಾದ್ದರಿಂದ ಮೊದಲ ಅರ್ಧ ದಿನ ಅವರು ಕರೆದಾಗಲೆಲ್ಲ ನಾನು ಉತ್ತರ ಹುಡುಕಿದೆ.

ಜುಹುರಾ ಮೊದಲು ಮಾಡಿದ ಕೆಲಸ ನಮ್ಮ ಕೈಪಿಡಿ ಓದಿದ್ದು. ಹನ್ನೆರಡು ಪುಟ, ಬೆರಳಿಟ್ಟು, ಸಾಲು ಸಾಲಾಗಿ. ಕೈಪಿಡಿ ಓದುವ ಮನುಷ್ಯರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬರೆದ ನಾನೇ ಅದನ್ನು ಎರಡನೇ ಸಲ ಓದಿಲ್ಲ. ಆಮೇಲೆ ಸೆಟ್ಟನ್ನು ಉಪಕರಣಗಳಿಗೆ ಜೋಡಿಸಿ ಒಂದೊಂದೇ ಅಳತೆ ತೆಗೆದರು. ಎಲ್ಲವೂ ಸರಿಯಿತ್ತು. ಕೆಂಪು ಗುಂಡಿ ಒತ್ತುವಾಗ ಮಾತ್ರ ಹೆಬ್ಬೆರಳಿಗೆ ಸ್ವಲ್ಪ ಬಲ ಕೊಟ್ಟು, “ಬಿಗಿ ಇದೆ” ಎಂದರು.

“ಹೊಸತಲ್ಲವೇ, ಬಳಸುತ್ತಾ ಸಡಿಲವಾಗುತ್ತದೆ” ಎಂದೆ. ಗುಂಡಿಯ ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ ಕಂಡಿತು. ಥರ್ಮಾಕೋಲಿನ ಪುಡಿ ಇರಬೇಕೆಂದು ಸುಮ್ಮನಾದೆ.

ಎರಡನೆಯ ದಿನ: ಮೀನುಕಟ್ಟೆ

ಬಂದರಿಗೆ ಹನ್ನೆರಡು ಗಂಟೆಗೆ ಬನ್ನಿ ಎಂದಿದ್ದರು. ಬೆಳಿಗ್ಗೆ ಆರಕ್ಕೆ ಜುಹುರಾ ನನ್ನ ಕೋಣೆಯ ಬಾಗಿಲು ಬಡಿದರು. ಅಲ್ಲಿನ ಲೆಕ್ಕದಲ್ಲಿ ಸೂರ್ಯ ಹುಟ್ಟಿದ ಮೇಲೆ ಒಂದು, ಎರಡು ಎಂದು ಎಣಿಕೆ ಶುರು. ನಮ್ಮ ಬೆಳಗಿನ ಏಳು ಅವರ ಒಂದು, ನಮ್ಮ ಆರು ಅವರ ಹನ್ನೆರಡು. ನಾನು ಮಧ್ಯಾಹ್ನದ ಊಟ ಮುಗಿಸಿ ಹೋಗುವ ಅಂದಾಜಿನಲ್ಲಿದ್ದೆ. ತಲೆ ಬಾಚಿಕೊಳ್ಳದೆ ಅವರ ಹಿಂದೆ ಓಡಿದೆ. ದಾರಿಯಲ್ಲಿ ಹನ್ನೊಂದು ಮಂದಿ ಪೋಲೆ ಎಂದರು.

ಬಂದರು ನೋಡಿ ನಗು ಬಂತು. ಇಷ್ಟು ದೂರ ವಿಮಾನದಲ್ಲಿ ಹಾರಿ ಮತ್ತೆ ಮಲ್ಪೆಗೇ ಬಂದು ಇಳಿದಿದ್ದೆ. ಅದೇ ಹರಾಜಿನ ಕೂಗು, ಅದೇ ಐಸು, ಅದೇ ಕೆಸರು, ದರ ಕೇಳಿ ಮುಖ ತಿರುಗಿಸಿ ಹೊರಟು ಮೂರು ಹೆಜ್ಜೆ ಹೋಗಿ ವಾಪಸು ಬರುವ ಅದೇ ಹೆಂಗಸರು. ಮೂಲೆಯಲ್ಲಿ ಒಬ್ಬಾಕೆ ಅಪ್ಪದ ಕಾವಲಿಯಲ್ಲಿ ಗುಳಿಯಪ್ಪ ಎರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರು. ತೆಂಗಿನಹಾಲು, ಏಲಕ್ಕಿ, ಎಲ್ಲವೂ ನಮ್ಮದೇ. ಇದು ನಮ್ಮಲ್ಲೂ ಉಂಟು ಎಂದು ನಾನು ಹೇಳಿದಾಗ, ನಾನೇ ಅದನ್ನು ಕದ್ದುಕೊಂಡು ಹೋದವಳೋ ಎಂಬಂತೆ ಆಕೆ ನೋಡಿದಳು.

ಪರೀಕ್ಷೆಗೆ ಐದು ಬೋಟುಗಳು ಸಿದ್ಧವಿದ್ದವು. ಐದರಲ್ಲಿಯೂ ಬೇರೆ ಬೇರೆ ಕಂಪನಿಯ ಸೆಟ್ಟು. ಇದು ಪರೀಕ್ಷೆಯ ಕರೆ ಎಂದು ಬಂದರಿನವರಿಗೆ ಮೊದಲೇ ತಿಳಿಸಿದ್ದಾಯಿತು. ಆರನೆಯ ಬೋಟಿನಲ್ಲಿ ನಾನು, ಜುಹುರಾ ಮತ್ತು ನಮ್ಮ ಸೆಟ್ಟು. ದಡ ಕಣ್ಣಿಗೆ ಸಣ್ಣದಾಗುವಷ್ಟು ದೂರ ಹೋದೆವು. ಬಿಸಿಲು ನೆತ್ತಿಗೇರುತ್ತಿತ್ತು. ಜುಹುರಾ ಮುಚ್ಚಳ ಎತ್ತಿ ಗುಂಡಿ ಒತ್ತಿದರು.

“ಅರೆ, ಇವತ್ತು ಎಷ್ಟು ನುಣುಪಾಗಿದೆ!” ಎಂದರು.

ಮೊದಲು ಎಡಗಡೆಯ ಬೋಟಿನ ಸೆಟ್ಟು ಗಂಟೆ ಬಾರಿಸಿತು. ಆಮೇಲೆ ದೂರದ ನೀಲಿ ಬೋಟು. ಆಮೇಲೆ ಮೂರು ಒಟ್ಟಿಗೆ. ಐದೂ ಬೋಟಿನವರು ಕೈ ಬೀಸಿದರು. ನಾನು ಅಳುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಅಣ್ಣನ ಸುತ್ತ ಇದೇ ಸದ್ದು ಆಗಬೇಕಿತ್ತು, ಆಗಲಿಲ್ಲ. ನಮ್ಮ ಬೋಟಿನ ಮುದುಕ ಚುಕ್ಕಾಣಿ ಬಿಟ್ಟು ನನ್ನ ಕಡೆ ತಿರುಗಿ “ಪೋಲೆ” ಎಂದ. ಆ ಒಂದು ಸಲ ನಾನದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಮೂರನೆಯ ದಿನ: ಫ್ರಿಜ್ಜು

ಮೂರನೆಯ ದಿನ ತಂಪಿನ ಪರೀಕ್ಷೆ. ಕಪಾಟಿನಷ್ಟು ದೊಡ್ಡ ಪೆಟ್ಟಿಗೆಯೊಳಗೆ ಸೆಟ್ಟನ್ನಿಟ್ಟು, ಮೈನಸ್ ಇಪ್ಪತ್ತು ಡಿಗ್ರಿಗೆ ಇಳಿಸಿ, ಗಂಟೆಗಟ್ಟಲೆ ಬಿಟ್ಟು, ಆಮೇಲೆ ಕೈಗವಸಿನ ತೂತಿನಿಂದ ಕೈ ಹಾಕಿ ಗುಂಡಿ ಒತ್ತಬೇಕು. ಜುಹುರಾ ಒತ್ತಿದರು. ಗುಂಡಿ ಅಲುಗಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರು. ಇಲ್ಲ. ಉಳಿದ ಎರಡು ಸೆಟ್ಟುಗಳದ್ದೂ ಅದೇ ಕಥೆ.

ನನಗೆ ರೇಗಿತು. ಕೇಂದ್ರದ ಮುಖ್ಯಸ್ಥ ಎಮಾನುಯೆಲ್ ಅವರ ಕೋಣೆಗೆ ಹೋಗಿ ಒಂದು ಭಾಷಣವನ್ನೇ ಮಾಡಿದೆ. ಸ್ವಾಮಿ, ನಿಮ್ಮದು ತೆಂಗು ಬೆಳೆಯುವ ದೇಶ, ನಮ್ಮದೂ ತೆಂಗು ಬೆಳೆಯುವ ಊರು. ಕಾಪುವಿನಲ್ಲಿ ಇಪ್ಪತ್ತೆರಡು ಡಿಗ್ರಿಯಾದರೆ ಜನ ಮಫ್ಲರ್ ಸುತ್ತಿಕೊಂಡು ಪರಸ್ಪರ ಆರೋಗ್ಯ ವಿಚಾರಿಸುತ್ತಾರೆ. ಮೈನಸ್ ಇಪ್ಪತ್ತರಲ್ಲಿ ನಮ್ಮ ಬಂಗುಡೆ ಮೀನೇ ಸಿಗುವುದಿಲ್ಲ, ಮೀನುಗಾರ ಅಲ್ಲಿಗೆ ಯಾಕೆ ಹೋಗುತ್ತಾನೆ? ಹಿಮ ಬೀಳುವ ದೇಶದವರು ತಮಗೆಂದು ಬರೆದುಕೊಂಡ ನಿಯಮವನ್ನು ನೀವು ಕಣ್ಣು ಮುಚ್ಚಿ ತಂದು ನಮ್ಮ ಮೇಲೆ ಹೇರುವುದೇ? ಹೀಗೆಯೇ ಇನ್ನೂ ಸುಮಾರು ಹೇಳಿದೆ. ಪಾಠ ಮಾಡಿ ಅಭ್ಯಾಸವಿದ್ದವಳು, ಗಂಟೆ ಹೊಡೆಯುವವರೆಗೆ ನಿಲ್ಲಿಸಿ ಗೊತ್ತಿಲ್ಲ.

ಎಮಾನುಯೆಲ್ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಅರ್ಜಿ ತೆಗೆದು ಹದಿನೇಳನೆಯ ಪುಟ ಬಿಡಿಸಿ ನನ್ನ ಮುಂದಿಟ್ಟರು. ‘ನಿಮ್ಮ ಉಪಕರಣ ಎಷ್ಟು ತಂಪಿನವರೆಗೆ ಕೆಲಸ ಮಾಡುತ್ತದೆ? ತಯಾರಕರೇ ಆರಿಸಿಕೊಳ್ಳಬೇಕು.’ ನಾಲ್ಕು ಚೌಕಗಳಿದ್ದವು. ಮೊದಲನೆಯದು ಬಿಸಿಪ್ರದೇಶದ ಬೋಟುಗಳಿಗೆ. ಕೊನೆಯದು ಮೈನಸ್ ಇಪ್ಪತ್ತು. ಕೊನೆಯದರಲ್ಲಿ ನೀಲಿ ಶಾಯಿಯ ದಪ್ಪ ಟಿಕ್ಕು. ಪಕ್ಕದಲ್ಲಿ ನನ್ನ ಸಹಿ.

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಪಕ್ಕದ ಮನೆಯ ಹುಡುಗಿಗೆ ನಾಲ್ಕು ಅಂಕ ಜಾಸ್ತಿ ಬಂದರೆ ಊಟ ಬಿಡುವ ಊರಿನವರು ನಾವು. ನಾಲ್ಕು ಚೌಕ ಕಂಡರೆ ಅತಿ ಕಷ್ಟದ್ದಕ್ಕೆ ಕೈ ತಾನಾಗಿ ಹೋಗುತ್ತದೆ. ಏನು ಕೇಳಿದ್ದಾರೆಂದು ಓದಿದ ನೆನಪೂ ನನಗಿರಲಿಲ್ಲ.

“ಪೋಲೆ” ಎಂದರು ಎಮಾನುಯೆಲ್.

ಅದೇ ದಿನ, ಸಂಜೆಗೆ ಮುಂಚೆ

ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಜುಹುರಾ ಸೆಟ್ಟು ಹಿಡಿದುಕೊಂಡು ಬಂದರು. ಗುಂಡಿಯ ಸುತ್ತಲಿನ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ತೆಗೆದು ಅಂಗೈಯಲ್ಲಿ ಉಜ್ಜಿದರು. ಅದು ಕರಗಿತು. ಮೂಸಿ ನೋಡಿ ದೊಡ್ಡದಾಗಿ ನಕ್ಕು, ಕೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ತೆಂಗಿನೆಣ್ಣೆ.

“ನಮ್ಮಜ್ಜಿ ಮನೆಯ ಬೀಗಕ್ಕೂ ಇದನ್ನೇ ಹಾಕುತ್ತಿದ್ದರು” ಎಂದರು. ಎ.ಸಿ. ಕೋಣೆಯಲ್ಲಿ ಬಿಗಿ, ಬಿಸಿಲಿನಲ್ಲಿ ನುಣುಪು, ಫ್ರಿಜ್ಜಿನಲ್ಲಿ ಕಲ್ಲು. ಎಲ್ಲದಕ್ಕೂ ಲೆಕ್ಕ ಸಿಕ್ಕಿತು.

ಆಮೇಲೆ ಕನ್ನಡಕ ಏರಿಸಿಕೊಂಡು ನಮ್ಮ ಕೈಪಿಡಿ ತೆಗೆದರು. “ಒಂಬತ್ತನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಬಳಸುವ ಮೊದಲು ಗುಂಡಿಯನ್ನು ಬಟ್ಟೆಯಿಂದ ಒರೆಸಿ ಅಂತ. ನಾವು ಒರೆಸಲಿಲ್ಲ. ಹಾಗಾಗಿ ತಪ್ಪು ನಮ್ಮದೂ ಹೌದು. ನಾಳೆ ಬೆಳಿಗ್ಗೆ ಚೆನ್ನಾಗಿ ಒರೆಸಿ ಮತ್ತೆ ಇಡೋಣ, ದಾದಾ. ಸಂಜೆಯೊಳಗೆ ಪಾಸು.” ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡೆ. ಆಮೇಲೆ ಅಣ್ಣನನ್ನು ಬೈಯಲಿಕ್ಕೆ ಫೋನು ಮಾಡಿದೆ.

“ಗುಂಡಿಗೆ ಎಣ್ಣೆ ಹಚ್ಚಿದ್ದು ನೀನಾ?”

“ಹೌದು. ಮೂರಕ್ಕೂ ಹಚ್ಚಿದ್ದೇನೆ. ಎಂತ ಆಯಿತು?”

“ನಿನಗೆ ಯಾರು ಹೇಳಿದ್ದು ಹಚ್ಚಲಿಕ್ಕೆ?”

“ಹೇಳಬೇಕಾ ಮಾರಾಯ್ತಿ? ಬೋಟಿಗೆ ಹೋಗುವ ಯಾವ ಗುಂಡಿಯನ್ನೂ ನಾನು ಎಣ್ಣೆ ಹಚ್ಚದೆ ಬಿಡುವುದಿಲ್ಲ. ಉಪ್ಪಿಗೆ ಹಿಡಿದುಕೊಳ್ತದೆ.”

“ಯಾವಾಗಿನಿಂದ ಈ ಹೊಸ ಅಭ್ಯಾಸ?”

ಲೈನು ಕಡಿಯಿತೇನೋ ಎಂದು ನಾನು ಹಲೋ ಹಲೋ ಎಂದೆ.

“ಆ ಸಲದಿಂದ” ಎಂದ. “ಆ ದಿವಸ ಗುಂಡಿ ಒತ್ತಲಿಕ್ಕೇ ಆಗಲಿಲ್ಲ. ಉಪ್ಪು ಹಿಡಿದು ಕಲ್ಲಾಗಿತ್ತು. ಮೊದಲು ಒಂದು ಬೋಟು ಹತ್ತಿರವೇ ಹೋಯಿತು, ನಮ್ಮದೇ ಕಂಪನಿಯ ಸೆಟ್ಟಿದ್ದ ಬೋಟು. ಒತ್ತಿ ಒತ್ತಿ ಉಗುರು ಕಿತ್ತು ಬಂತು. ಸ್ಕ್ರೂಡ್ರೈವರ್ ಹಾಕಿ ಬಿಡಿಸುವಾಗ ಆ ಬೋಟು ಹೋಗಿ ಆಗಿತ್ತು. ಆಮೇಲೆ ಬಂದ ಬೋಟಿಗೆ ನಮ್ಮ ಕರೆ ಸಿಗಲಿಲ್ಲ, ಅದು ಸುಳ್ಳಲ್ಲ.”

“ನಮಗೆ ಯಾಕೆ ಹೇಳಲಿಲ್ಲ ಅಣ್ಣಾ?”

“ಎಂತ ಅಂತ ಹೇಳುವುದು? ಸೆಟ್ಟು ನೋಡಿಕೊಳ್ಳಬೇಕಾದ ತಾಂಡೇಲ ನಾನೇ ಅಲ್ವಾ? ದಡದಲ್ಲಿ ಆರು ಮನೆಯವರು ನಿಂತು ಅಳ್ತಾ ಇದ್ದರು. ಕಂಪನಿ ಕಂಪನಿಗೆ ಮಾತು ಬರುವುದಿಲ್ಲ ಅಂತ ಹೇಳಿದೆ. ಎಲ್ಲರೂ ಕಂಪನಿಗೆ ಬೈದರು. ನೀನು ಕೆಲಸವನ್ನೇ ಬಿಟ್ಟು ಕೂತೆ. ಮತ್ತೆ ಯಾವ ಬಾಯಲ್ಲಿ ಹೇಳುವುದು?”

ಬೈಯದೆ ಫೋನು ಇಟ್ಟೆ. ಯಾಕೆಂದರೆ ನನ್ನ ಸೆಟ್ಟಿಗೆ ನಾನು ಹಾಕಿದ್ದೂ ಅದೇ ಜಾತಿಯ ಗುಂಡಿ. ಪೇಟೆಯಲ್ಲಿ ಸಿಗುವಂಥದ್ದು, ಎಲ್ಲ ಕಂಪನಿಯವರೂ ಹಾಕುವಂಥದ್ದು. ನಾಲ್ಕು ವರ್ಷ ಕರೆಯ ಭಾಷೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ, ಗುಂಡಿಯ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ಎಣ್ಣೆ ಹಚ್ಚದಿದ್ದರೆ ಉಪ್ಪಿಗೆ ಹಿಡಿಯುವ, ಹಚ್ಚಿದರೆ ತಂಪಿಗೆ ಹಿಡಿಯುವ ಗುಂಡಿಯನ್ನು ಎರಡು ದೇಶದ ಸಮುದ್ರಕ್ಕೆ ಕಳಿಸಲು ನಾನು ಸರ್ಟಿಫಿಕೇಟ್ ಕೇಳಿಕೊಂಡು ಬಂದಿದ್ದೆ.

ನಾಲ್ಕನೆಯ ದಿನ

ಬೆಳಿಗ್ಗೆ ಜುಹುರಾ ಮೆತ್ತನೆಯ ಬಿಳಿ ಬಟ್ಟೆ ತಂದಿಟ್ಟಿದ್ದರು. ಒರೆಸುವುದು ಬೇಡ ಎಂದೆ. ಫೇಲ್ ಎಂದೇ ಬರೆಯಿರಿ ಎಂದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಅಣ್ಣ ಹೇಳಿದ್ದನ್ನು ಅವರಿಗೆ ಹೇಳಿದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡರು. ಪೋಲೆ ಎನ್ನಲಿಲ್ಲ.

ಎಮಾನುಯೆಲ್ ಅವರಿಗೆ ಮಾತ್ರ ಇದು ಜೀರ್ಣವಾಗಲಿಲ್ಲ. ಪಾಸು ಮಾಡಿ ಎಂದು ಗೋಗರೆದವರನ್ನು ಕಂಡಿದ್ದೇನೆ, ಮಂತ್ರಿಗಳಿಂದ ಫೋನು ಮಾಡಿಸಿದವರನ್ನೂ ಕಂಡಿದ್ದೇನೆ, ಫೇಲು ಮಾಡಿ ಎಂದು ಕೇಳಿದವರು ನೀವೇ ಮೊದಲು ಎಂದರು. ಜಿಲ್ಲೆಗೆ ಏನಾದರೂ ಒಂದರಲ್ಲಿ ಮೊದಲ ಸ್ಥಾನ ತರದೆ ನಾವು ವಾಪಸು ಹೋಗುವುದಿಲ್ಲ ಎಂದೆ. ವರದಿಯಲ್ಲಿ ಬೇರೆಯವರೊಂದಿಗೆ ಮಾತಾಡುವ ಕಾಲಮಿನಲ್ಲಿ ಐದಕ್ಕೆ ಐದು. ನಿಯಮದ ಕಾಲಮಿನ ಕೊನೆಯಲ್ಲಿ ಫೇಲು: ‘ಗುಂಡಿ ಒತ್ತಲಾಗಲಿಲ್ಲ.’ ಸಹಿ ಹಾಕುವಾಗ ಅಲೆವೂರಿನ ನಾಲ್ಕು ಮುಖಗಳು ನೆನಪಾದವು. ಮುಂದಿನ ವರ್ಷದ ಸಾಲಿನ ಕೊನೆಗೆ ನಮ್ಮ ಹೆಸರು ಹೋಯಿತು.

ಮತ್ತೆ ಅಲೆವೂರು

ನಾಲ್ವರೂ ವರದಿ ಓದಿದರು. ಬಾಯಿ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. “ಹಾಗಾದರೆ ಹಳೆ ಗುಂಡಿ ಎಲ್ಲಾ ಬಿಚ್ಚಬೇಕಲ್ಲ ಅಕ್ಕಾ” ಎಂದು ಹೇಳಿ ಸೋಲ್ಡರಿಂಗ್ ಕಡ್ಡಿ ಬಿಸಿಗಿಟ್ಟರು. ವರ್ಷವಿಡೀ ಹಳೆಯ ಮಿಕ್ಸಿ, ಸ್ಟೆಬಿಲೈಸರ್ ರಿಪೇರಿ ಮಾಡಿಕೊಂಡು ವರ್ಕ್‌ಶಾಪಿನ ಬಾಗಿಲು ತೆರೆದಿಟ್ಟೆವು. ಉಳಿದ ಹೊತ್ತಿನಲ್ಲಿ ಹೊಸ ಗುಂಡಿ ಮಾಡಿದೆವು. ಮೇಲೆ ಒಂದೇ ತುಂಡು ರಬ್ಬರಿನ ಟೋಪಿ, ಉಪ್ಪಿಗಾಗಲಿ ಎಣ್ಣೆಗಾಗಲಿ ಒಳಹೋಗಲು ಸಂದಿಯೇ ಇಲ್ಲ.

ಅಣ್ಣ ಆ ಆರೂ ಮನೆಗಳಿಗೆ ಒಬ್ಬನೇ ಹೋಗಿ ಗುಂಡಿಯ ವಿಷಯ ಹೇಳಿ ಬಂದ.

ಹೊಸ ಅರ್ಜಿ ಬಂದಾಗ ಹದಿನೇಳನೆಯ ಪುಟವನ್ನು ಬೆರಳಿಟ್ಟು ಓದಿದೆ, ಜುಹುರಾ ಓದುವ ಹಾಗೆ. ನಾಲ್ಕು ಚೌಕಗಳು. ಬೇಕಾದರೆ ಮೊದಲನೆಯದನ್ನು ಆರಿಸಬಹುದಿತ್ತು. ಮೈನಸ್ ಇಪ್ಪತ್ತಕ್ಕೇ ಟಿಕ್ಕು ಹಾಕಿದೆ.

ಸೆಟ್ಟುಗಳನ್ನು ಪೆಟ್ಟಿಗೆಗೆ ಹಾಕುವ ದಿನ ಅಣ್ಣ ಬಂದ. ಈ ಸಲ ರಟ್ಟಿನ ಪೆಟ್ಟಿಗೆ. ಯಾವುದನ್ನೂ ಮುಟ್ಟಬಾರದೆಂದು ಹೇಳಿದ್ದಕ್ಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಮೇಜಿನ ಮೇಲೆ ಬೇರೆ ಬೇರೆ ಕಂಪನಿಯ ನಾಲ್ಕು ಸೆಟ್ಟುಗಳಿದ್ದವು. ಕರೆ ಕೋಣೆಯಿಂದ ಹೊರಗೆ ಹೋಗದಂತೆ ತಂತಿಯಲ್ಲೇ ನಮ್ಮದಕ್ಕೆ ಜೋಡಿಸಿದ್ದೆವು.

“ಒಂದು ಸಲ ಒತ್ತಿ ನೋಡಲಾ?” ಎಂದು ಕೇಳಿದ.

ಕೈಯನ್ನು ಅಂಗಿಗೆ ಒರೆಸಿಕೊಂಡು, ಮುಚ್ಚಳ ಎತ್ತಿ, ಹೆಬ್ಬೆರಳು ಇಟ್ಟ. ಆ ಬೆರಳಿನ ಉಗುರು ಇವತ್ತಿಗೂ ಸೊಟ್ಟಗಿದೆ. ಗುಂಡಿ ಒಳಗೆ ಹೋಯಿತು. ನಾಲ್ಕೂ ಸೆಟ್ಟುಗಳು ಒಂದರ ಹಿಂದೆ ಒಂದು ಕೂಗತೊಡಗಿದವು.

“ಐದು ಸೆಕೆಂಡು ಸಾಕು ಅಣ್ಣಾ” ಎಂದೆ.

ಅಣ್ಣ ಬೆರಳು ತೆಗೆಯಲಿಲ್ಲ.